ಅರವತ್ತು ಫುಟ್-ಲ್ಯಾಂಬರ್ಟಿನ ಮೇಜು

ನಾನು ಕಾನ್ವೆಂಟಿನಲ್ಲಿ ಫಿಜಿಕ್ಸ್ ಹೇಳಿಕೊಡುತ್ತಿದ್ದ ಕಾಲಕ್ಕೇ ಸ್ಟಿಲ್ಬ್, ಅಪೋಸ್ಟಿಲ್ಬ್, ಫುಟ್-ಲ್ಯಾಂಬರ್ಟ್ ಎಲ್ಲ ಮುದಿಯಾಗಿದ್ದವು. ಒಂದು ಮೇಲ್ಮೈ ನಮ್ಮ ಕಣ್ಣಿಗೆ ಎಷ್ಟು ಬೆಳ್ಳಗೆ ಬೆಳಗುತ್ತದೆ ಎಂದು ಅಳೆಯುವ ಯೂನಿಟ್‌ಗಳು ಅವು. ಸಿಲಬಸ್ಸಿಗೆ ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಅನ್ನುವುದೊಂದೇ ಸಾಕಿತ್ತು. ಆದರೂ ಹುಡುಗಿಯರ ಕೈಯಲ್ಲಿ ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹಾಕಿಸುತ್ತಿದ್ದೆ. ನನಗೆ ಪಾಠ ಹೇಳಿದ ಸಿಸ್ಟರ್ ನನ್ನ ಕೈಯಲ್ಲಿ ಹಾಕಿಸಿದ್ದರು, ಅಷ್ಟೇ. ಹ್ಯಾಬಿಟ್ ಅನ್ನಿ, ಪ್ರೀತಿ ಅನ್ನಿ.

ರಿಟೈರ್ ಆಗಿ ಚಿಕ್ಕಬಳ್ಳಾಪುರದಲ್ಲಿ ತಣ್ಣಗೆ ಇದ್ದೆ. ಶಿಡ್ಲಘಟ್ಟದಿಂದ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಬಂದಳು. ತಂದೆ ತೀರಿಕೊಂಡ ಮೇಲೆ ಅವರ ರೇಷ್ಮೆ ರೀಲಿಂಗ್ ಯೂನಿಟ್ಟನ್ನು, ಅಂದರೆ ಗೂಡಿನಿಂದ ನೂಲು ತೆಗೆಯುವ ಷೆಡ್ಡನ್ನು, ಅವಳೇ ನಡೆಸುತ್ತಿದ್ದಳು.

"ಮಿಸ್, ಎರಡು ಲಾಟ್ ನೂಲು ವಾಪಸ್ ಬಂತು. ಮೂರನೇದೂ ಬಂದ್ರೆ ಷೆಡ್ಡು ಬಿಟ್ಟುಕೊಡ್ತೀನಿ ಅಂತ ತಮ್ಮನಿಗೆ ಮಾತು ಕೊಟ್ಟಿದ್ದೀನಿ. ಟೊಮ್ಯಾಟೊ ಕ್ರೇಟ್ ಇಡೋಕೆ ಕಾಯ್ತಿದ್ದಾನೆ."

ತಮ್ಮನದು ಚಿಂತಾಮಣಿ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ.

"ನೂಲಲ್ಲಿ ಏನು ದೋಷವಂತೆ?"

"ಗೂಡು ಸರಿಯಾಗಿ ಆರಿಸಿಲ್ಲ ಅಂತಾರೆ. ಹೊಸ ಮೇಜು ಮಾಡಿಸಿದಾಗಿನಿಂದ ಹೀಗೇ. ಒಂದ್ಸಲ ಬಂದು ನೋಡಿ ಮಿಸ್."

ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕುವ ಮುಂಚೆ ಆರಿಸಬೇಕು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹರಡಿದರೆ ಒಳಗೆ ಹುಳ ಕೊಳೆತ ಗೂಡು ಕಪ್ಪಗೆ ಕಾಣುತ್ತದೆ, ತೆಳು ಗೂಡು ನೀರು ಬೆರೆಸಿದ ಹಾಲಿನ ಹಾಗೆ. ಅವಳ ತಂದೆಯದು ಎಂದೋ ಹಡಗಿನಲ್ಲಿ ಬಂದ ಮೇಜು. ಅದು ಕೆಟ್ಟಾಗ ಅದರ ಹಿತ್ತಾಳೆ ತಗಡಿನ ಮೇಲಿದ್ದ "ಅರವತ್ತು ಫುಟ್-ಲ್ಯಾಂಬರ್ಟ್" ಅನ್ನುವುದನ್ನೇ ಆಧಾರ ಮಾಡಿಕೊಂಡು ಅಕ್ಕ-ತಮ್ಮ ಹೊಸದನ್ನು ಕಟ್ಟಿಸಿದ್ದರು.

ಷೆಡ್ಡಿನಲ್ಲಿ ಮೇಜು ಧಗಧಗ ಉರಿಯುತ್ತಿತ್ತು. ಗೂಡು ಆರಿಸುವ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಈ ಬೆಳಕಲ್ಲಿ ಎಲ್ಲಾ ಗೂಡೂ ಮದುವೆ ಹೆಣ್ಣೇ ಅಮ್ಮ. ಯಾವುದನ್ನ ಬೇಡ ಅನ್ನಲಿ?"

ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. "ಲೆಕ್ಕ ನಾನೇ ಹಾಕಿದ್ದು ಮಿಸ್. ಬಾಡಿಗೆಗೆ ತಂದ ಮೀಟರು ಚದರ ಮೀಟರಿಗೆ ಕ್ಯಾಂಡೆಲಾ ತೋರಿಸ್ತದೆ, ತಗಡಲ್ಲಿರೋದು ಫುಟ್ಟು. ಹತ್ತು ಪಾಯಿಂಟ್ ಏಳು ಆರರಿಂದ ಗುಣಿಸ್ದೆ. ಆರುನೂರ ನಲವತ್ತಾರು. ಅಷ್ಟಕ್ಕೇ ಟ್ಯೂಬ್‌ಲೈಟ್ ಹಾಕಿಸಿದ್ದೀನಿ. ಸೈಟ್ ಲೆಕ್ಕದಲ್ಲಿ ನನ್ನ ತಪ್ಪು ಹಿಡಿಯೋರಿಲ್ಲ."

ಪಾಪ, ಅವನೊಬ್ಬನೇ ಅಲ್ಲ. ಆ ವರ್ಷಗಳಲ್ಲಿ ನಮ್ಮ ಕಡೆ ಹೊಲಹೊಲವೂ ಲೇಔಟ್ ಆಗುತ್ತಿತ್ತು. ಚದರಡಿಯನ್ನು ಚದರ ಮೀಟರ್ ಮಾಡುವ ಆ ನಂಬರು ಕಟಿಂಗ್ ಷಾಪಿನವನಿಗೂ ಬಾಯಿಪಾಠವಾಗಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಸ್ಟೂಡೆಂಟ್ ಅವನ ಕಡೆ ತಿರುಗಿದ್ದಳು. "ಗುಣಿಸಿದ್ದು ಸರಿ. ಆಮೇಲೆ ಪೈಯಿಂದ ಭಾಗಿಸಿದ್ಯಾ?"

"ಮೇಜು ಚೌಕ ಇದೆ. ಪೈ ಎಲ್ಲಿಂದ ಬಂತು ಆಪಾ? ಮಿಸ್ ಎದುರಿಗೆ ಶೋ ಮಾಡ್ಬೇಡ."

ಅವಳು ಗಾಜಿನ ಮೇಲೆ ಅಂಗೈಯನ್ನು ಬಟ್ಟಲಿನ ಹಾಗೆ ಬೋರಲು ಹಿಡಿದಳು. "ಇದು ಸೈಟಲ್ಲ ಕಣೋ. ಬೆಳಕು ಗಾಜಿಂದ ನೆಟ್ಟಗೆ ಮಾತ್ರ ಏಳಲ್ಲ, ಎಲ್ಲಾ ಕಡೆಗೂ ಚೆಲ್ಲುತ್ತೆ, ಈ ಬಟ್ಟಲು ಪೂರ್ತಿ ತುಂಬುತ್ತೆ. ಬಟ್ಟಲಿನ ಲೆಕ್ಕದಲ್ಲಿ ಪೈ ಬರುತ್ತೆ. ಫುಟ್-ಲ್ಯಾಂಬರ್ಟ್ ಮಾಡಿದವರು ಅದನ್ನ ಮೊದಲೇ ಒಳಗೆ ಸೇರಿಸಿಟ್ಟಿದ್ದಾರೆ. ಕ್ಯಾಂಡೆಲಾಗೆ ಬರುವಾಗ ಅದನ್ನ ಭಾಗಿಸಿ ತೆಗೀಬೇಕು." ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಭಾಗಿಸಿ ತೋರಿಸಿದಳು. ಇನ್ನೂರ ಆರು. "ಮೂರರಷ್ಟು ಸುರಿದಿದ್ದೀಯ."

ನಾನು ಸ್ಟೂಲಿನ ಮೇಲೆ ಕೂತೆ. ನಂಬರು ನೆನಪಿಟ್ಟುಕೊಳ್ಳುವ ಹುಡುಗಿಯರು ಬೇಕಾದಷ್ಟು ಸಿಕ್ಕಿದ್ದರು ನನಗೆ. ಆದರೆ ಆ ಬಟ್ಟಲನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೇ ಇಲ್ಲ. ಅದು ಅವಳದ್ದೇ. ಎದೆ ತುಂಬಿ ಬಂತು. ಆ ಹೆಮ್ಮೆಯನ್ನು ಮುಚ್ಚಿಕೊಳ್ಳಲೂ ಇಲ್ಲ.

ಕೆಲವು ಟ್ಯೂಬ್ ತೆಗೆಸಿ, ಗಾಜಿನಡಿ ಬಟರ್ ಪೇಪರ್ ಹಾಸುತ್ತಾ ಮೀಟರನ್ನು ಇನ್ನೂರರ ಹತ್ತಿರ ತಂದರು. ಆಮೇಲೆ ಮೂರನೇ ಲಾಟಿಗೆಂದು ಪಾಸಾಗಿದ್ದ ಗೂಡನ್ನೇ ಮತ್ತೆ ಸುರಿದರು. ಆ ಹೆಂಗಸು ಒಂದು ಕ್ಷಣ ನೋಡಿದಳು, ಆಮೇಲೆ ಅವಳ ಕೈ ನಿಲ್ಲಲೇ ಇಲ್ಲ. ತೆಗೆದು ಹಾಕಿದ ಗೂಡಿನ ರಾಶಿ ಬೆಳೆಯುತ್ತಾ ಹೋಯಿತು. ತಮ್ಮ ಅದರಿಂದ ಒಂದನ್ನೆತ್ತಿ ಒತ್ತಿದ. ಕಪ್ಪು ನೀರು ಅವನ ಬೆರಳಿಗೆ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡ.

ಮೂರನೇ ಲಾಟ್ ವಾಪಸ್ ಬರಲಿಲ್ಲ. ಅದಾದ ಮೇಲೆ ಹೋದದ್ದೂ ಬರಲಿಲ್ಲ.

ಮುಂದೆ ಒಂದು ಸಲ ಹೋದಾಗ ತಮ್ಮನೂ ಅಲ್ಲೇ ಟೀ ಕುಡಿಯುತ್ತಿದ್ದ. ಯಾರೋ ಬಂದು ಷೆಡ್ಡು ಬಾಡಿಗೆಗೆ ಸಿಗುತ್ತದಾ ಎಂದು ವಿಚಾರಿಸಿದರು. ಅವನು ಎದ್ದು ಬಾಗಿಲಿಗೆ ಹೋದ.

"ಇಲ್ಲಣ್ಣ, ಆಪಾ ಕೆಲಸ ನಡೀತಿದೆ, ಖಾಲಿ ಆಗಲ್ಲ. ನಾನೂ ಬೇರೆ ಕಡೆ ಹುಡುಕ್ತಾ ಇದ್ದೀನಿ. ದೊಡ್ಡದು ಯಾವುದಾದ್ರೂ ಸಿಕ್ಕಿದ್ರೆ ನಿಮಗೂ ಹೇಳ್ತೀನಿ."