ಬೈರಮ್ಮನವರ ಅಡುಗೆಮನೆ ಗೋಡೆ

ಹೆಸರಾಂತ ನಾಟಕಕಾರ ಶ್ರೀರಾಮಪ್ಪನವರು ಹುಟ್ಟಿ ಬೆಳೆದ ಹಲಸೂರಿನ ಹಂಚಿನ ಮನೆಯನ್ನು ಅಂದಿದ್ದ ಹಾಗೇ ಉಳಿಸಿಕೊಂಡಿರುವವರು ಅವರ ವಿಧವೆ ಅಕ್ಕ ಬೈರಮ್ಮ. ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟು, ತಮ್ಮನು ಕೂತ ಮಣೆ, ಮಲಗಿದ ತೊಟ್ಟಿಲು ತೋರಿಸಿ, ಕೊನೆಗೆ ಒಲೆಯ ಹಿಂದಿನ ಗೋಡೆಯ ಹತ್ತಿರ ಕರೆತರುತ್ತಾರೆ. "ಚಿಕ್ಕೋನಿದ್ದಾಗ ಕೆಮ್ಮಣ್ಣಲ್ಲಿ ಬರ್ದ ರಾಜ ನೋಡಿ. ಕಿರೀಟ ನಾಟಕದ್ದು, ಹೊಟ್ಟೆ ಮಾತ್ರ ನಮ್ಮಪ್ಪಂದೇ." ಆ ರಾಜನಿಗಾಗಿ ಗೋಡೆಗೆ ಹಬ್ಬಕ್ಕೂ ಸುಣ್ಣವಿಲ್ಲ, ಹೊಗೆ ಹೋಗಲು ಕಿಟಕಿಯಿಲ್ಲ. ಒಮ್ಮೆ ಬೈರಮ್ಮನೇ ತಮ್ಮನನ್ನು ಕಿಟಕಿ ಇಡಿಸೆಂದು ಕೇಳಿದ್ದರಂತೆ. "ಆ ಗೋಡೆ ಒಡೆದ್ರೆ ನನ್ನ ಬಾಲ್ಯಾನೇ ಒಡೆದಂಗೆ ಅಕ್ಕಾ" ಎಂದು ಶ್ರೀರಾಮಪ್ಪನವರು ರಿಚರ್ಡ್ಸ್ ಟೌನಿನ ತಮ್ಮ ಬಂಗಲೆಗೆ ಹೊರಟುಬಿಟ್ಟರಂತೆ. ಎರಡನೇ ಮಹಾಯುದ್ಧ ಬಂದಮೇಲೆ ಒಣ ಸೌದೆಗೆ ಬರ, ಸಿಗುವುದೆಲ್ಲ ಹಸಿ ಸೌದೆ. ಹೊಗೆಗೆ ಕಣ್ಣು ಹೋಗಿ, ಬೈರಮ್ಮ ಈಗ ಒಲೆಯನ್ನೂ ತಡವಿಕೊಂಡೇ ಹಚ್ಚುತ್ತಾರೆ. ಅವರು ಬೆರಳು ತೋರಿಸಿದ ಕಡೆ ನೋಡಿ ಬಂದವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ರಾಜ ಮಸಿಯಲ್ಲಿ ಮುಚ್ಚಿಹೋಗಿ ವರ್ಷಗಳಾದವೆಂದು ಬೈರಮ್ಮನವರಿಗೆ ಯಾರೂ ಹೇಳುವುದಿಲ್ಲ.