ಹೆಣ್ಣು ನೋಡಲು ಬಂದವರು ಗರಿ ನೋಡಿ ಹೋದರು

ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಹೇಳು ಅನ್ನುತ್ತಾರೆ. ನಾಲ್ಕು ಹೆಜ್ಜೆ ನಡೆದು ತೋರಿಸು ಅನ್ನುತ್ತಾರೆ. ಸೂಜಿಗೆ ದಾರ ಪೋಣಿಸಲು ಕೊಟ್ಟು ಕಣ್ಣಿನ ಪರೀಕ್ಷೆ ಮಾಡುವವರೂ ಇದ್ದಾರೆ. ಆದರೆ ಪಡಸಾಲೆಯ ನಟ್ಟನಡುವೆ ಹುಡುಗಿಯ ಜಡೆ ಬಿಚ್ಚಿಸಿ, ಕನ್ನಡಕ ಏರಿಸಿಕೊಂಡು, ಕೂದಲು ಬಿಡಿಸಿ ಬಿಡಿಸಿ ಹೇನು ಹುಡುಕಿದವರನ್ನು ನೀವು ಕಂಡಿದ್ದೀರಾ?

ನಾನು ಕಂಡೆ. ಹೋದ ತಿಂಗಳು, ಕುರುಗೋಡಿನಲ್ಲಿ, ನಮ್ಮಣ್ಣನ ಮನೆಯಲ್ಲಿ. ಹುಡುಗಿ ಬೇರೆ ಯಾರೂ ಅಲ್ಲ, ಅಣ್ಣನ ಮಗಳು ಲೀಲಾ.

ಲೀಲಾ ಎಂ.ಎಸ್ಸಿ. ಮುಗಿಸಿ ಈಗ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ವಿಷಯ ಏನು ಗೊತ್ತೇ? ಮುನಿಯಾ ಹಕ್ಕಿಗಳ ಗರಿಗಳಲ್ಲಿ ಬದುಕುವ ನುಸಿಗಳು. (ನಗಬೇಡಿ. ನಕ್ಕವರ ಕಥೆಯನ್ನೇ ಹೇಳಲು ಹೊರಟಿದ್ದೇನೆ.) ಮುನಿಯಾ ಅಂದರೆ ಇಂಗ್ಲಿಷಿನವರು ಫಿಂಚ್ ಅನ್ನುವ ಬಳಗದ ಪುಟ್ಟ ಹಕ್ಕಿ. ನಮ್ಮ ಕಡೆ ಸಣ್ಣ ಹಕ್ಕಿ ಕಂಡರೆ ಎಲ್ಲವೂ ಗುಬ್ಬಿಯೇ, ಹಾಗಾಗಿ ಇದಕ್ಕೂ ಗುಬ್ಬಿ ಅಂತಲೇ ಹೆಸರು. ಸಿರುಗುಪ್ಪದ ಕಾಲುವೆ ಕೆಳಗಿನ ನೆಲ್ಲಿನ ಗದ್ದೆಗೆ ಹಿಂಡುಹಿಂಡಾಗಿ ಇಳಿದು ರೈತರ ಹೊಟ್ಟೆ ಉರಿಸುವುದು ಇದೇ.

ಈ ಹುಡುಗಿ ಬೆಳಗಾಗುವ ಮೊದಲೇ ಗದ್ದೆಯ ಬದುವಿಗೆ ಬಲೆ ಕಟ್ಟುತ್ತಾಳೆ. ಸಿಕ್ಕ ಹಕ್ಕಿಯ ರೆಕ್ಕೆ ಅಗಲಿಸಿ ಬೆಳಕಿಗೆ ಹಿಡಿಯುತ್ತಾಳೆ. ಗರಿಯ ದಂಟಿನ ಪಕ್ಕದಲ್ಲಿ ಧೂಳಿನ ಸಾಲು ಕಾಣುತ್ತದೆ. ಅದು ಧೂಳಲ್ಲ, ನುಸಿಗಳ ಸಂಸಾರ. ಒಂದೆರಡು ಗರಿ ತೆಗೆದುಕೊಂಡು ಹಕ್ಕಿಯನ್ನು ಹಾರಿಬಿಡುತ್ತಾಳೆ.

ಈ ಸಂಬಂಧ ತಂದವರು ನಮ್ಮ ದೂರದ ಮಾವ ಒಬ್ಬರು. ಏನು ಕಲೀತೀಯವ್ವಾ ಎಂದು ಅವರು ಕೇಳಿದ್ದಕ್ಕೆ ಲೀಲಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. (ಇದು ನಮ್ಮ ಮನೆತನದ ಹೆಣ್ಣುಮಕ್ಕಳ ಹಳೆಯ ಕಾಯಿಲೆ.) ಆ ಮಾತು ಕುರುಗೋಡಿನಲ್ಲಿ ಬಸ್ಸು ಹತ್ತಿ ಸಿರುಗುಪ್ಪ ಮುಟ್ಟುವುದರೊಳಗೆ ಕಡ್ಡಿ ಗುಡ್ಡವಾಯಿತು. ಹಕ್ಕಿಯ ಮೈಮೇಲಿದ್ದದ್ದು ಹುಡುಗಿಯ ತಲೆಗೆ ಹತ್ತಿತ್ತು.

ಇನ್ನು ನನ್ನ ವಿಚಾರ. ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತೇನೆ, ಗಾಂಧಿನಗರದಲ್ಲಿ ಒಬ್ಬಳೇ ಇರುತ್ತೇನೆ, ಮದುವೆಯಾಗಿಲ್ಲ. ಈ ಮೂರೂ ಒಂದೇ ರೋಗದ ಲಕ್ಷಣ ಎಂದು ನಮ್ಮಣ್ಣ ನಂಬಿದ್ದಾನೆ. ಮಗಳೂ ನನ್ನ ಹಾದಿ ಹಿಡಿದಾಳು ಎಂಬ ಭಯ ಅವನಿಗೆ. ಶೇಂಗಾ ವ್ಯಾಪಾರದಲ್ಲಿ ಹುಲಿಯಂಥ ಮನುಷ್ಯ, ಈ ಒಂದು ವಿಷಯದಲ್ಲಿ ನಿದ್ದೆಗೆಡುತ್ತಾನೆ. ಪ್ರೀತಿ ಇಲ್ಲವೆಂದಲ್ಲ, ಬಹಳ ಇದೆ. ಅದೇ ತೊಂದರೆ.

ಬಂದರು ಬೀಗರು, ಅಂಬಾಸಿಡರ್ ಕಾರಿನಲ್ಲಿ. ಸಿರುಗುಪ್ಪದಲ್ಲಿ ದೊಡ್ಡ ಅಕ್ಕಿ ಗಿರಣಿಯವರು. ಯಜಮಾನರು, ಅವರ ಹೆಂಡತಿ, ಬೆಲ್ ಬಾಟಂ ಪ್ಯಾಂಟಿನ ಮಗ, ಜೊತೆಗೆ ಯಜಮಾನರ ತಾಯಿ. ರಜೆಯಲ್ಲಿ ಲೀಲಾಳ ಕೆಲಸ ನಿಲ್ಲಬಾರದೆಂದು ನಾನು ಬಳ್ಳಾರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಿದ್ದ ಮೈಕ್ರೋಸ್ಕೋಪನ್ನು ಅತ್ತಿಗೆ ಆಗಲೇ ಮಂಚದ ಕೆಳಗೆ ತಳ್ಳಿ, ಮೇಲೆ ಹಳೇ ಸೀರೆ ಹೊದಿಸಿಬಿಟ್ಟಿದ್ದಳು.

ಶಿರಾ, ಉಪ್ಪಿಟ್ಟು, ಮಿರ್ಚಿ ಬಜ್ಜಿ ಎಲ್ಲ ಆಯಿತು. ಗಿರಣಿ ಯಜಮಾನರು ಧಾರಾಳ ಮನುಷ್ಯರು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ದುಡಿಯುವ ಪದ್ಧತಿ ಇಲ್ಲ, ಕುಂತು ಉಂಡರೂ ಕರಗದಷ್ಟು ಇದೆ ಎಂದು ಹೇಳಿಕೊಂಡರು. ಅವರ ತಾಯಿ ತಟ್ಟೆ ಪಕ್ಕಕ್ಕಿಟ್ಟು ಅತ್ತಿಗೆಯ ಕಡೆ ತಿರುಗಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಊರಾಗ ಒಂದು ಮಾತು ಕಿವಿಗೆ ಬಿದ್ದೈತಿ. ಹುಡುಗಿ ತಲಿ ಒಮ್ಮೆ ನೋಡ್ತೀನಿ."

ಅತ್ತಿಗೆಯ ಮುಖ ಬಿಳಿಚಿತು. ನನಗೆ ರಕ್ತ ಕುದಿಯಿತು. ಇಷ್ಟು ಓದಿದ ಹುಡುಗಿಯನ್ನು ಸಂತೆಯ ಎತ್ತಿನ ಹಾಗೆ ಹಲ್ಲು ಹಿಡಿದು ನೋಡುವುದೇ? ಬಾಯಿ ತೆರೆದೆ. ಲೀಲಾ ನನ್ನ ಕೈ ಒತ್ತಿದಳು. ಎದ್ದು ಹೋಗಿ ಮುದುಕಿಗೆ ಬೆನ್ನು ಕೊಟ್ಟು ಕೂತು, ತಾನೇ ಜಡೆ ಬಿಚ್ಚಿದಳು.

ಮುದುಕಿ ಅರೆಬರೆ ಕೆಲಸದವರಲ್ಲ. ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ಎಲ್ಲ ಕಡೆ ನೋಡಿದರು. ಗಂಡಸರು ಸೂರು ನೋಡುತ್ತ ಕೂತರು. ಕೊನೆಗೆ, ಏನಿಲ್ಲ, ಸ್ವಚ್ಛ ಐತಿ ಎಂದು ತೀರ್ಪಾಯಿತು. ಎಲ್ಲರೂ ಉಸಿರು ಬಿಟ್ಟರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಲೀಲಾ ಏಳಲಿಲ್ಲ. ಕೂದಲು ಹರವಿಕೊಂಡೇ ಮುದುಕಿಯ ಕಡೆ ತಿರುಗಿದಳು.

"ಅಜ್ಜಿ, ನನ್ನ ತಲಿ ನೀವು ನೋಡಿದ್ರಿ. ನಾ ದಿನಾ ಏನು ನೋಡ್ತೀನಿ ಅನ್ನೋದನ್ನ ನೀವೂ ಒಮ್ಮೆ ನೋಡ್ರಿ."

ಅಣ್ಣ ಕಣ್ಣು ಕೆಕ್ಕರಿಸಿದ. ಯಾರಿಗೆ ಬೇಕು ಅವನ ಕಣ್ಣು? ಮಂಚದ ಕೆಳಗಿಂದ ಮೈಕ್ರೋಸ್ಕೋಪನ್ನು ನಾನೇ ಎಳೆದು ತಂದೆ. ಕಿಟಕಿಯ ಕಟ್ಟೆಯ ಮೇಲಿಟ್ಟು, ಬಿಸಿಲಿಗೆ ಕನ್ನಡಿ ತಿರುಗಿಸಿದೆವು. ಅಂದು ಬೆಳಿಗ್ಗೆಯಷ್ಟೇ ತೆಗೆದ ಗರಿಯೊಂದನ್ನು ಲೀಲಾ ಗಾಜಿನ ಮೇಲಿಟ್ಟಳು. ಮುದುಕಿ ಕನ್ನಡಕ ತೆಗೆದು, ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಬಗ್ಗಿದರು.

ಬಗ್ಗಿದವರು ಏಳಲೇ ಇಲ್ಲ. ಯಜಮಾನರು ಎರಡು ಸಲ ಕೆಮ್ಮಿದರು. ಆಮೇಲೆ ಮುದುಕಿ ಕೇಳತೊಡಗಿದರು, ಲೀಲಾ ಹೇಳತೊಡಗಿದಳು. ಒಂದೇ ಹಕ್ಕಿಯ ಮೇಲೆ ಹಲವು ಜಾತಿಗಳು ಇರುತ್ತವಂತೆ. ಹಾರುವ ಗರಿಯ ಎಳೆಗಳ ಸಂದಿಯಲ್ಲಿ ಗಾಳಿಗೆ ಬೀಳದ ಹಾಗೆ ಅಂಟಿಕೊಂಡು ಇರುವ ಉದ್ದ ಮೈಯವು ಒಂದು ಜಾತಿ. ಮೈ ಹತ್ತಿರದ ಮೆತ್ತನೆಯ ತುಪ್ಪಳದಲ್ಲಿರುವ ಗುಂಡಗಿನವು ಇನ್ನೊಂದು. ಗರಿಯ ಟೊಳ್ಳು ದಂಟಿನ ಒಳಗೇ ಹುಟ್ಟಿ, ಅಲ್ಲೇ ಮರಿ ಮಾಡುವವು ಮತ್ತೊಂದು. ಚುಕ್ಕೆ ಮುನಿಯಾದ ಮೇಲಿನದು ಕೆಂಪು ಮುನಿಯಾದ ಮೇಲೆ ಇರುವುದಿಲ್ಲ. ಗೂಡಿನಲ್ಲಿ ತಾಯಿಯಿಂದ ಮರಿಗೆ ಬರುತ್ತವೆ. ಇವುಗಳಲ್ಲಿ ಕೆಲವಕ್ಕೆ ಇನ್ನೂ ಯಾರೂ ಹೆಸರೇ ಇಟ್ಟಿಲ್ಲ.

ಹೆಸರೇ ಇಲ್ಲವೇ ಎಂದು ಮುದುಕಿ ಎರಡು ಸಲ ಕೇಳಿದರು. ನಂತರ ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

"ಇವು ಹಕ್ಕೀನ ತಿಂತಾವೋ, ಹಕ್ಕಿ ಮೈ ತೊಳೀತಾವೋ?"

"ದಂಟಿನಾಗಿನವು ತಿಂತಾವ್ರಿ. ಉಳಿದವು ಗರಿ ಮ್ಯಾಲಿನ ಎಣ್ಣಿ, ಬೂಷ್ಟು ತಿಂದು ಸ್ವಚ್ಛ ಇಡ್ತಾವ ಏನೋ ಅಂತ ನನಗ ಅನುಮಾನ ಐತಿ. ಇನ್ನೂ ಗೊತ್ತಿಲ್ರಿ, ಅಜ್ಜಿ. ಅದನ್ನ ನೋಡಾಕನ ಈ ಕೆಲಸ."

ಗೊತ್ತಿಲ್ಲ! ಹೆಣ್ಣು ನೋಡಲು ಬಂದ ದಿನ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹುಡುಗಿ ನಮ್ಮ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು. ನಾನಾದರೋ ಎಷ್ಟೋ ವರ್ಷಗಳಿಂದ ಕ್ಲಾಸಿನಲ್ಲಿ ಇವೆಲ್ಲವನ್ನೂ ಪರಾವಲಂಬಿಗಳು ಎಂಬ ಒಂದೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಪರೀಕ್ಷೆಗೆ ಕಳಿಸುತ್ತಿದ್ದೇನೆ.

ಎಲ್ಲರೂ ಸರದಿಯಲ್ಲಿ ಬಗ್ಗಿ ನೋಡಿದರು. ಅಣ್ಣ ಕೂಡ. ಬೆಲ್ ಬಾಟಮ್ಮಿನ ಹುಡುಗ ಮಾತ್ರ, ಅಸಹ್ಯ ಆಗತೈತಿ ಎಂದು ಕಾರಿನ ಹತ್ತಿರ ಹೋಗಿ ನಿಂತ. (ಇಷ್ಟು ಹೊತ್ತಿನಲ್ಲಿ ಅವನ ಬಾಯಿಂದ ಬಂದ ಒಂದೇ ವಾಕ್ಯ ಅದು.)

ವಾರ ಕಳೆಯುವುದರೊಳಗೆ ಸುದ್ದಿ ಬಂತು. ಹುಡುಗಿ ಪಸಂದ್. ಶ್ರಾವಣದಲ್ಲಿ ಮದುವೆ. ಒಂದೇ ಮಾತು, ಆ ಗರಿ ಗಿರಿ ಎಲ್ಲ ಈಗಿಂದಲೇ ಬಿಡಬೇಕು. ಯಜಮಾನರ ಗೆಳೆಯರು ಗಿರಣಿಯಲ್ಲಿ ಕೂತು ನಗುತ್ತಾರಂತೆ.

ಲೀಲಾ ಮದುವೆ ಬೇಡ ಅನ್ನಲಿಲ್ಲ. ದೀಪಾವಳಿಯವರೆಗೆ ಬಿಡು ಎಂದು ಅಪ್ಪನನ್ನು ಕೇಳಿಕೊಂಡಳು. ಕಾರಣ ಇದೆ. ಮಳೆಗಾಲದಲ್ಲಿ ಗೂಡು ಕಟ್ಟಿ ಮರಿ ಮಾಡಿದ ಮೇಲೆ ಮುನಿಯಾಗಳು ಹಳೆಯ ಗರಿ ಉದುರಿಸಿ ಹೊಸದು ತರುತ್ತವೆ. ಗರಿ ಉದುರುವಾಗ ಅದರಲ್ಲಿರುವ ಸಂಸಾರದ ಗತಿ ಏನು? ಅದೊಂದು ನೋಡದಿದ್ದರೆ ಅವಳ ಎರಡು ವರ್ಷದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಪದವಿಯೂ ಇಲ್ಲ.

ಅಣ್ಣ ಕೇಳಲಿಲ್ಲ. ಅವಳು ಅತ್ತಳು, ಅದಕ್ಕೂ ಕೇಳಲಿಲ್ಲ. ನಾನು ಬಳ್ಳಾರಿಯಿಂದ ಓಡಿ ಬಂದು ಜಗಳ ತೆಗೆದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡ, ಹಟಕ್ಕೂ ಒಂದು ಮಿತಿ ಇದೆ ಎಂದ. ಹಾಗೆಂದು ಅವನು ನೋಡಿದ್ದು ನನ್ನ ಕಡೆ. ನಾನು ಎರಡು ದಿನ ಅಲ್ಲೇ ಉಳಿದೆ. ಆ ಮನೆಯಲ್ಲಿ ಅಂಥ ಮೌನವನ್ನು ನಾನು ಹಿಂದೆಂದೂ ಉಂಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತವರು ಸಿರುಗುಪ್ಪದ ಮುದುಕಿ. ಕಾರಿಲ್ಲ, ಮಗನಿಲ್ಲ. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಅತ್ತಿಗೆ ಗಾಬರಿಯಿಂದ ನೀರು ತಂದಳು. ಮುದುಕಿ ಕೂತು, ಸೆರಗಿನ ಗಂಟು ಬಿಚ್ಚಿ, ನಾಲ್ಕಾರು ಪುಟ್ಟ ಗರಿಗಳನ್ನು ಲೀಲಾಳ ಅಂಗೈಗೆ ಸುರಿದರು. ಗಿರಣಿಯ ಅಂಗಳದ ಜಾಲಿ ಗಿಡದ ಕೆಳಗೆ ಆರಿಸಿದವಂತೆ. ಇದರೊಳಗೆ ಎಷ್ಟು ಜಾತಿ ಇವೆ ಹೇಳು ಎಂದರು.

ಲೀಲಾ ಒಂದೊಂದನ್ನೇ ಗಾಜಿನ ಮೇಲಿಟ್ಟು ನೋಡಿದಳು. ಒಂದರಲ್ಲೂ ಜೀವವಿರಲಿಲ್ಲ. ಖಾಲಿ ಮೊಟ್ಟೆಯ ಚಿಪ್ಪು, ಕಳಚಿದ ಪೊರೆ, ಅಷ್ಟೇ. ಮುದುಕಿಗೆ ಬೇಸರವಾಯಿತು, ಇಷ್ಟು ದೂರ ತಂದದ್ದು ವ್ಯರ್ಥವಾಯಿತೇ ಎಂದರು. ಲೀಲಾಳ ಮುಖ ಅರಳಿತ್ತು. ಗರಿ ಬೀಳುವ ಮೊದಲೇ ಅವು ಪಕ್ಕದ ಗಟ್ಟಿ ಗರಿಗೆ ಹೋಗಿಬಿಡುತ್ತವೆ ಎಂದು ತನಗೆ ಗುಮಾನಿ ಇದೆ, ಆದರೆ ನೆಲದ ಮೇಲೆ ಸಿಕ್ಕ ಗರಿ ಸಾಕ್ಷಿಯಾಗುವುದಿಲ್ಲ, ಬಿದ್ದ ಮೇಲೂ ಬಿಟ್ಟು ಹೋಗಿರಬಹುದು, ಹಕ್ಕಿಯ ಮೈಮೇಲೆ ಇರುವಾಗಲೇ ನೋಡಬೇಕು ಎಂದು ವಿವರಿಸಿದಳು.

"ಯಾವ ಗರಿ ಬೀಳತೈತಿ ಅಂತ ಅವಕ್ಕ ಹೆಂಗ ತಿಳೀತೈತಿ?"

"ಗೊತ್ತಿಲ್ರಿ ಅಜ್ಜಿ."

"ಯಾವಾಗ ಗೊತ್ತಾಗತೈತಿ?"

ಲೀಲಾ ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು. ಮುದುಕಿ ಅವಳನ್ನು ನೋಡಿದರು, ಅಣ್ಣನನ್ನು ನೋಡಿದರು. ಮಗ ಕಳಿಸಿದ ಷರತ್ತು ಅವರಿಗೆ ಗೊತ್ತಿತ್ತು. ಅದಕ್ಕೇ ಬಂದಿದ್ದರು.

"ನಲವತ್ತು ವರ್ಷ ಆ ಗಿರಣಿ ಅಂಗಳದಾಗ ನೆಲ್ಲು ಕಾಯ್ದೀನಿ, ಸಾವ್ಕಾರ್ರ. ಬಿಸಲಾಗ ನಿಂತು, ಕೋಲು ಹಿಡಿದು, ಇವೇ ಹಕ್ಕಿ ಓಡಿಸ್ಕೋತ. ನನ್ನ ಮಗ ಹೇಳ್ತಾನ, ನಮ್ಮ ಮನ್ಯಾಗ ಹೆಣ್ಮಕ್ಕಳು ಕುಂತು ಉಣ್ತಾರ ಅಂತ. ನೀವೂ ಕೇಳಿದ್ರಿ."

ಸ್ವಲ್ಪ ನೀರು ಕುಡಿದು ಮುಂದುವರಿಸಿದರು.

"ಒಂದು ದಿನಾನೂ ಆ ಹಕ್ಕಿ ಮೈಮ್ಯಾಲೆ ಏನೈತಿ ಅಂತ ನಾ ನೋಡ್ಲಿಲ್ಲ. ಯಾರೂ ತೋರಸ್ಲಿಲ್ಲ. ಈ ಹುಡುಗಿ ತೋರಿಸಿದ್ಳು. ದೀಪಾವಳಿ ಅಂದ್ರ ಏನು ದೂರ ಐತಿ? ಬಿಡ್ರಿ, ಮುಗಿಸಲಿ. ಆಮ್ಯಾಲೆ ನಮ್ಮ ಮನಿ ಬೇಕು ಅನಿಸಿದ್ರ ಬರಲಿ, ಬ್ಯಾಡ ಅನಿಸಿದ್ರ ಬ್ಯಾಡ. ನನ್ನ ಮಗಗ ನಾ ಹೇಳ್ತೀನಿ."

ಒಂದು ಮನೆಯಲ್ಲಿ ಯಾರು ತಿನ್ನುವವರು, ಯಾರು ತೊಳೆಯುವವರು ಎಂದು ಹೊರಗಿಂದ ನೋಡಿ ಹೇಳುವುದು ಎಷ್ಟು ಸುಲಭ! ನಮ್ಮ ಮನೆಗಳಲ್ಲೂ ದಂಟಿನೊಳಗೆ ಕೂತು ಹೀರುವವರು ಇದ್ದಾರೆ, ಗರಿಯ ಸಂದಿಯಲ್ಲಿ ಗಾಳಿಗೆ ಅಂಜಿ ಬೂಷ್ಟು ತೆಗೆಯುವವರೂ ಇದ್ದಾರೆ. ಆದರೆ ಕುಂತು ಉಣ್ಣುವವರು ಎಂಬ ಪಟ್ಟ ಯಾವಾಗಲೂ ಎರಡನೆಯವರಿಗೇ. ಸೊಸೆ ಬಂದ ಗಳಿಗೆಯಿಂದ ಅವಳು ಉಂಡ ತುತ್ತು ಎಲ್ಲರ ಕಣ್ಣಿಗೆ ಬೀಳುತ್ತದೆ, ತೊಳೆದ ತಟ್ಟೆ ಯಾರ ಕಣ್ಣಿಗೆ ಬಿದ್ದಿದೆ? ಆ ಮುದುಕಿ ಲೀಲಾಳ ತಲೆ ನೋಡಿದಾಗ ನಾನು ಅವರನ್ನು ಮನಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದೆ. ಈಗಲೂ ಆ ಪದ್ಧತಿಯನ್ನು ಬೈಯುತ್ತೇನೆ. ಆದರೆ ಅವರು ಕೇಳಿದ್ದನ್ನು ನಂಬಿ ಸುಮ್ಮನಾಗಲಿಲ್ಲ, ಕಣ್ಣಾರೆ ನೋಡಿದರು. ತೋರಿಸಿದ್ದನ್ನೂ ನೋಡಿದರು. ಈ ಗುಣ ನಮ್ಮಲ್ಲಿ ಎಷ್ಟು ಜನರಿಗೆ ಇದೆ?

ಅಣ್ಣ ಕೈ ಮುಗಿದು, ಆಗಲಿ ತಾಯಿ, ಮುಗಿಸಲಿ ಎಂದ. ಅಷ್ಟೇ. ಇಷ್ಟು ದಿನದ ಜಗಳ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಮುದುಕಿಯನ್ನು ತಾನೇ ಬಸ್ಸಿಗೆ ಹತ್ತಿಸಿ ಬಂದ. ಬರುವಾಗ ಮಗಳಿಗೆ ಇಷ್ಟವೆಂದು ಮಿರ್ಚಿ ಕಟ್ಟಿಸಿಕೊಂಡೂ ಬಂದ.

ಲೀಲಾ ಪೊಟ್ಟಣ ತೆಗೆದುಕೊಂಡಳು. ಅಪ್ಪನ ಮುಖ ನೋಡಲಿಲ್ಲ. ಗೆದ್ದ ಹುಡುಗಿ ಹೀಗೇಕೆ ಕೂತಿದ್ದಾಳೆ ಎಂದು ಅವನು ನನ್ನನ್ನು ಕೇಳಿದ. ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ. ದೀಪಾವಳಿಯವರೆಗೆ ಬಿಡು ಎಂಬ ಅದೇ ಮಾತನ್ನು ಅದೇ ಪಡಸಾಲೆಯಲ್ಲಿ ನಿಂತು ಅವಳು ಅಳುತ್ತ ಹೇಳಿದ್ದಳು. ನಾನು ಕೂಗಾಡಿ ಹೇಳಿದ್ದೆ.

ಮಗಳ ಬಾಯಲ್ಲಿ ಹಟವಾಗಿದ್ದ ಮಾತು ಬೀಗರ ಮನೆಯ ಮುದುಕಿಯ ಬಾಯಲ್ಲಿ ನ್ಯಾಯವಾದದ್ದು ಹೇಗೆ?