ಕಟ್ಟಪುಣಿ ಎಂಬ ಮನೆಹೆಸರು

‘ಕಟ್ಟಪುಣಿ ಅಂತ ಡಿಗ್ರಿ ಸರ್ಟಿಫಿಕೇಟಿನಲ್ಲಿ ಬರ್ಲಿಕ್ಕುಂಟಾ? ಅದೆಲ್ಲ ಆಗುವ ಮಾತಲ್ಲ ಮಾರಾಯ್ತಿ’ ಎಂದವರು ನನ್ನ ಸೋದರಮಾವ ಶೀನಮಾಮ. ಕುವೈತಿನ ಅರ್ದಿಯಾದ ಗೋದಾಮೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಿರುವ ಮನುಷ್ಯ. ಯಾವ ಪೆಟ್ಟಿಗೆ ಎಷ್ಟು ಎತ್ತರಕ್ಕೆ ಏರೀತು, ಯಾವುದು ಅರ್ಧದಲ್ಲಿ ಜಾರೀತು ಎಂಬುದನ್ನು ದೂರದಿಂದಲೇ ಹೇಳಬಲ್ಲರು. ನನ್ನನ್ನೂ ಹಾಗೆಯೇ ಅಳೆದಿದ್ದರು. ಮೂರು ವರ್ಷದ ಬಿ.ಎ.ಯನ್ನು ಅಂಚೆಯ ಮೂಲಕ ಏಳು ವರ್ಷ ಓದಿದವಳು ನಾನು. ಅರ್ಥಶಾಸ್ತ್ರದಲ್ಲಿ ಮೂರು ಸಲ ಡುಮ್ಕಿ. ನಾಲ್ಕನೆಯ ಸಲ ಪಾಸಾದಾಗ ಅರ್ಥಶಾಸ್ತ್ರಕ್ಕೇ ನನ್ನ ಮುಖ ನೋಡಿ ಸಾಕಾಗಿತ್ತೆಂದು ಕಾಣುತ್ತದೆ. ಹಾಗೆ ಓದು ಮುಗಿಯಿತು, ಹೆಸರಿನ ತಕರಾರು ಉಳಿಯಿತು.

ಕಟ್ಟಪುಣಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಎರಡು ಗದ್ದೆಗಳ ನಡುವಿನ ಮಣ್ಣಿನ ಏರಿ ಅದು. ಒಂದು ಕಡೆಯ ನೀರನ್ನು ಅದು ಹಿಡಿದಿಡಬೇಕು, ಮೇಲೆ ಜನ ನಡೆಯಬೇಕು, ಬದಿಯ ಹುಲ್ಲನ್ನು ದನ ಮೇಯಬೇಕು. ಎಲ್ಲರಿಗೂ ಬೇಕಾದದ್ದು, ಯಾರೂ ತಮ್ಮದೆನ್ನದ್ದು. ನನ್ನ ಅಜ್ಜಿಯ ಅಜ್ಜಿ ಅಂಥ ಒಂದು ಅಗಲವಾದ ಏರಿಯ ತುದಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದಳಂತೆ. ಆಚೆಯ ಗದ್ದೆ ಒಬ್ಬ ಧಣಿಯದು, ಈಚೆಯದು ಇನ್ನೊಬ್ಬನದು. ಎರಡರಲ್ಲೂ ಭತ್ತದ ಸಸಿ, ನೇಜಿ, ನೆಡುವವರು ನಾವು. ‘ಕಟ್ಟಪುಣಿಯವರನ್ನು ಕರೆಯಿರಿ’ ಎಂದು ಇಬ್ಬರೂ ಕೂಗುತ್ತಿದ್ದರು. ಕೂಗಿ ಕೂಗಿ ಅದೇ ಹೆಸರಾಯಿತು. ದೊಡ್ಡ ಮನೆತನಗಳ ಹೆಸರಿನ ಹಿಂದೆ ಒಬ್ಬ ವೀರನೋ ಒಂದು ಬೀಡೋ ಇರುತ್ತದೆ. ನಮ್ಮ ಹೆಸರಿನ ಹಿಂದೆ ಇರುವುದು ಕೆಲಸಕ್ಕೆ ಕರೆದ ಧ್ವನಿ.

ಈ ಹೆಸರಿನ ಜನಪ್ರಿಯತೆಯನ್ನೂ ಒಮ್ಮೆ ಪರೀಕ್ಷಿಸಿದೆ. ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಮೂರು ಸಿಕ್ಕಿದವು. ಒಂದು ನನ್ನದೇ ಪಾಸ್‌ವರ್ಡ್ ಮರೆತ ಹಳೆಯ ಖಾತೆ. ಇನ್ನೊಂದು ಊರಿನ ವಾಲಿಬಾಲ್ ತಂಡ. ಮೂರನೆಯವರು ಮುಂಬಯಿಯ ಒಬ್ಬ ಹಿರಿಯರು. ಸಂಭ್ರಮದಿಂದ ‘ನಾವು ಒಂದೇ ಮನೆಯವರಿರಬೇಕು’ ಎಂದು ಬರೆದೆ. ‘ಸಾಲ ಕೇಳುವುದಿಲ್ಲವಾದರೆ ಹೌದು’ ಎಂದು ಉತ್ತರ ಬಂತು. ರಕ್ತಸಂಬಂಧದ ಬಗ್ಗೆ ನನಗೆ ಆಮೇಲೆ ಸಂಶಯ ಉಳಿಯಲಿಲ್ಲ.

ಹೆಸರುಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ನನ್ನ ಕೆಲಸವೂ ಕಾರಣ. ಕುವೈತಿನಲ್ಲೇ, ಫಿಂಟಾಸಿನ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ದಾಖಲಿಸುವವಳು ನಾನು. ಇಲ್ಲಿಯವರ ಹೆಸರು ಉದ್ದದ ಸರಪಳಿ. ತನ್ನ ಹೆಸರು, ತಂದೆಯದು, ತಂದೆಯ ತಂದೆಯದು, ಕೊನೆಗೆ ಕುಟುಂಬದ್ದು. ಕುಟುಂಬದ ಹೆಸರು ಕೆಲವರಿಗೆ ಪೂರ್ವಿಕರು ಬಿಟ್ಟುಬಂದ ಊರಿನಿಂದ ಬಂದಿದೆ, ಕೆಲವರಿಗೆ ಅವರು ಮಾಡುತ್ತಿದ್ದ ಕಸುಬಿನಿಂದ. ಸಕ್ಕರೆ ಕಾಯಿಲೆಗೆ ತಿಂಗಳಿಗೊಮ್ಮೆ ಬರುವ ಉಮ್ ಫಹದ್ ಎಂಬ ಅಜ್ಜಿ ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು. ಹಳೆಯ ತಲೆಮಾರಿನ ಕೆಲವು ಕುವೈತಿಗಳಂತೆ ಅವರಿಗೂ ಒಂದಿಷ್ಟು ಹಿಂದಿ ಬರುತ್ತದೆ. ಒಮ್ಮೆ ನನ್ನ ಮನೆಹೆಸರು ಕೇಳಿದರು, ಹೇಳಿದೆ.

‘ಅದು ನಿನ್ನ ಅಜ್ಜನ ಹೆಸರಾ?’

‘ಅಲ್ಲ ಅಮ್ಮಾ, ಅಜ್ಜಿಯ ಮನೆಯದು. ನಮ್ಮಲ್ಲಿ ಮನೆಹೆಸರು ತಾಯಿಯಿಂದ ಮಗಳಿಗೆ ಬರುವುದು.’

ಈ ಅಳಿಯಕಟ್ಟಿನ ಕಥೆಯನ್ನು ಹಿಂದಿಯಲ್ಲಿ ವಿವರಿಸುವುದು ಸುಲಭವಲ್ಲ. ಅಜ್ಜಿ ಕೇಳಿದರು: ‘ಹಾಗಾದರೆ ತಂದೆಯರು ಏನು ಕೊಡುತ್ತಾರೆ?’

‘ಸ್ಕೂಲ್ ಬ್ಯಾಗ್.’

ಅಜ್ಜಿ ನಕ್ಕರು. ಆಮೇಲೆ ಮೆಲ್ಲಗೆ, ‘ನನ್ನ ಮಗ ಫಹದ್ ಹುಟ್ಟಿದ ದಿನದಿಂದ ಎಲ್ಲರೂ ನನ್ನನ್ನು ಉಮ್ ಫಹದ್, ಫಹದನ ತಾಯಿ ಎಂದೇ ಕರೆಯುತ್ತಾರೆ. ನನ್ನ ಹೆಸರನ್ನು ಹೆಸರಾಗಿ ಕೂಗುವುದು ಈಗ ನೀನೊಬ್ಬಳೇ, ಅದೂ ಈ ಚೀಟಿ ನೋಡಿ’ ಎಂದರು. ಅಂದಿನಿಂದ ಅವರ ಸರದಿ ಬಂದಾಗ ನಾನು ಸ್ವಲ್ಪ ನಿಧಾನವಾಗಿ, ಪೂರ್ತಿಯಾಗಿ ಕೂಗುತ್ತೇನೆ.

ನನ್ನ ಹೆಸರು ಕಳೆದುಹೋದದ್ದು ಮಾತ್ರ ಮದುವೆಯಿಂದಲೂ ಅಲ್ಲ, ಮಗುವಿನಿಂದಲೂ ಅಲ್ಲ. ಶಾಲೆಯಲ್ಲಿ ಮೇಷ್ಟರು ‘ಜಯಂತಿ ಕೆ.’ ಎಂದು ಬರೆದರು. ನಮ್ಮ ಕಡೆ ಅರ್ಧ ಊರಿನ ಮನೆಗಳು ಹೀಗೆ ಒಂದೊಂದು ಅಕ್ಷರದೊಳಗೆ ಮುದುರಿ ಕುಳಿತಿವೆ. ಪಿಯುಸಿ ಮುಗಿಸಿ ನಾನು ಕುವೈತಿಗೆ ಹೊರಟಾಗ ಪಾಸ್‌ಪೋರ್ಟಿನ ಏಜೆಂಟ್ ‘ಈ ಕೆ ಅಂದ್ರೆ ಎಂತ, ತಂದೆ ಹೆಸರಲ್ವಾ?’ ಎಂದು ಕೇಳಿದ. ನನ್ನ ತಂದೆ ಕರಿಯಪ್ಪ. ರಜೆಯಲ್ಲಿ ಬಂದಿದ್ದ ಶೀನಮಾಮ ನನ್ನ ಪಕ್ಕದಲ್ಲೇ ಇದ್ದರು. ಅಮ್ಮನ ತಮ್ಮ, ಕಟ್ಟಪುಣಿಯ ಹಿರಿಯ. ನಾನು ಅವರ ಮುಖ ನೋಡಿದೆ. ಅವರು ಹೌದೆಂದು ತಲೆಯಾಡಿಸಿದರು. ಏಜೆಂಟ್ ‘ಜಯಂತಿ ಕರಿಯಪ್ಪ’ ಎಂದು ಬರೆದ. ಹೊರಗೆ ಬಂದು ಕೇಳಿದ್ದಕ್ಕೆ, ‘ಅಲ್ಲಿ ಯಾರಿಗೆ ಬೇಕು ನಮ್ಮ ಗದ್ದೆಯ ಏರಿ? ತಂದೆಯ ಹೆಸರಾದರೆ ಯಾರೂ ಎಂತದೂ ಕೇಳುವುದಿಲ್ಲ’ ಎಂದರು. ಅವರ ವಾಸದ ಪರವಾನಗಿಯಾದ ಇಕಾಮಾದಲ್ಲಿಯೂ ಮನೆಹೆಸರಿಲ್ಲ.

ತಂದೆಯ ಮೇಲೆ ನನಗೆ ದೂರಿಲ್ಲ. ಆದರೆ ಬೀಡಿ ಕಟ್ಟಿ ನನ್ನನ್ನು ಪಿಯುಸಿವರೆಗೆ ಓದಿಸಿದವಳು ಅಮ್ಮ. ನಾನು ಪದವಿಯ ಎರಡನೆಯ ವರ್ಷದಲ್ಲಿದ್ದಾಗ ತೀರಿಕೊಂಡಳು. ಅವಳ ಮನೆಯಲ್ಲಿ ಹೆಬ್ಬೆಟ್ಟು ಒತ್ತಿದ ಕಾಗದಗಳಲ್ಲದೆ ಬೇರೆ ಕಾಗದಗಳೇ ಇರಲಿಲ್ಲ. ಮೊದಲ ಸಲ ಒಂದು ಒಳ್ಳೆಯ ಕಾಗದ ಬರುವಾಗ ಅದರ ಮೇಲೆ ಆ ಮನೆ ಇರಬೇಕು ಎಂದು ನನಗೆ ಹಠ ಬಂತು.

ಕುವೈತ್ ಸಿಟಿಯಲ್ಲಿರುವ ನಮ್ಮ ಅಧ್ಯಯನ ಕೇಂದ್ರದ ಅಧಿಕಾರಿ ಒಳ್ಳೆಯವರೇ. ‘ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಚ್ಚಾಗುವುದು. ಒಮ್ಮೆ ಅಚ್ಚಾದ ಮೇಲೆ ಬದಲಿಸುವುದಿಲ್ಲ. ಬೇಕಿದ್ದರೆ ಈಗಲೇ ತಡೆಹಿಡಿಯಿರಿ, ಮುಂದಿನ ವರ್ಷ ತೆಗೆದುಕೊಳ್ಳಿ’ ಎಂದರು. ಅದೇ ತಿಂಗಳು ಕ್ಲಿನಿಕ್ಕಿನಲ್ಲಿ ದಾಖಲೆ ವಿಭಾಗದ ಮೇಲ್ವಿಚಾರಕಿಯ ಹುದ್ದೆ ಖಾಲಿಯಾಗಿತ್ತು. ಪದವಿ ಪತ್ರ ತೋರಿಸಿದವರಿಗೆ ಅದು. ಏಳು ವರ್ಷ ನಾನು ಓದಿದ್ದೇ ಆ ಕುರ್ಚಿಗಾಗಿ.

ಶುಕ್ರವಾರ ಶೀನಮಾಮನ ಕೋಣೆಗೆ ಹೋಗಿ, ಪದವಿ ಪತ್ರವನ್ನು ತಡೆಹಿಡಿಯುತ್ತೇನೆ ಎಂದು ಹೇಳಿದೆ. ಅವರು ಮೀನು ತೊಳೆಯುತ್ತಿದ್ದರು.

‘ನಿನಗೆ ಮರ್ಲಾ, ತಲೆ ಸರಿ ಉಂಟಾ? ಕರಿಯಪ್ಪ ಅಂತಲೇ ತೆಗೊ, ಕುರ್ಚಿಯಲ್ಲಿ ಕೂತ್ಕೊ, ಖಲಾಸ್. ಹೆಸರು ಅನ್ನ ಹಾಕ್ತದಾ?’

‘ಇಲ್ಲ ಮಾಮ.’

‘ಮತ್ತೆಂತಕ್ಕೆ?’

‘ಅಮ್ಮ ಇದ್ದಿದ್ದರೆ ತನ್ನ ಮನೆಹೆಸರು ಬೇಕೆಂದು ಕೇಳುತ್ತಿರಲಿಲ್ಲ, ಅದಕ್ಕೇ’ ಎಂದೆ. ಅವರು ಮೀನಿನ ಕಡೆ ತಿರುಗಿದರು.

ತಡೆಹಿಡಿದೆ. ಪತ್ರಿಕೆಗಳಲ್ಲಿ ಪ್ರಕಟಣೆ, ಪ್ರಮಾಣಪತ್ರ, ಹೊಸ ಪಾಸ್‌ಪೋರ್ಟು, ಅದರ ಹಿಂದೆ ಇಕಾಮಾ, ಸಿವಿಲ್ ಐಡಿ, ಕೊನೆಗೆ ವಿಶ್ವವಿದ್ಯಾಲಯದ ದಾಖಲೆ. ಪ್ರತಿ ಕಿಟಕಿಯಲ್ಲೂ ‘ಮದುವೆಯಾಯಿತೇ?’ ಎಂದು ಕೇಳಿದರು. ಹೆಂಗಸು ಹೆಸರು ಬದಲಿಸಲು ಬೇರೆ ಕಾರಣವಿರಬಹುದೆಂದು ಯಾರಿಗೂ ತೋಚಲಿಲ್ಲ. ಇಷ್ಟರೊಳಗೆ ಆ ಕುರ್ಚಿಯಲ್ಲಿ ಇನ್ನೊಬ್ಬಳು ಕುಳಿತಳು. ನನಗಿಂತ ಆರು ವರ್ಷ ಚಿಕ್ಕವಳು, ಕೆಲಸ ಬಲ್ಲವಳು. ನಾನೇ ಅವಳಿಗೆ ಬೀರುಗಳ ಬೀಗದ ಕೈ ಒಪ್ಪಿಸಿದೆ. ಆ ದಿನ ಮನೆಗೆ ಹೋಗಿ ಅತ್ತದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಶೀನಮಾಮನ ಮಾತೇ ಸರಿಯೇನೋ ಎಂದೂ ಅನಿಸಿತ್ತು.

ಒಂದು ವರ್ಷದ ಮೇಲೆ, ಕಳೆದ ತಿಂಗಳು, ಅಧ್ಯಯನ ಕೇಂದ್ರದ ಸಣ್ಣ ಸಭಾಂಗಣದಲ್ಲಿ ಪದವಿ ಪ್ರದಾನ ನಡೆಯಿತು. ಬಾಡಿಗೆಯ ಕಪ್ಪು ನಿಲುವಂಗಿ ನನಗೆ ಉದ್ದವಾಗಿತ್ತು, ಎತ್ತಿ ಹಿಡಿದು ನಿಂತಿದ್ದೆ. ಶೀನಮಾಮ ಗೋದಾಮಿನಿಂದ ನೇರ ಬಂದು, ಸಮವಸ್ತ್ರದಲ್ಲೇ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ‘ಜಯಂತಿ ಕಟ್ಟಪುಣಿ’ ಎಂದು ಮೈಕಿನಲ್ಲಿ ಕರೆದರು. ಕರೆದದ್ದು ನನ್ನನ್ನೇ ಎಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಪತ್ರ ಕೈಗೆ ಬಂತು. ಅದನ್ನು ತಂದು ಮಾಮನ ಕೈಗೆ ಕೊಟ್ಟೆ.

ಅವರು ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದುಕೊಂಡರು. ಅಕ್ಷರ ಅಕ್ಷರವಾಗಿ ಹೆಸರನ್ನು ಓದಿದರು. ಆಮೇಲೆ ಅಂದರು:

‘ನಾಳೆ ನಿನಗೊಬ್ಬಳು ಮಗಳಾದ್ರೆ ಅವಳ ಫಾರಂ ನೀನೇ ತುಂಬಿಸು. ನನ್ನಂಥವರನ್ನು ಜೊತೆಗೆ ಕರ್ಕೊಂಡು ಹೋಗ್ಬೇಡ.’